ಎಲ್ಲರೂ ಉಂಡ ಮೇಲೆ

ಹೊಸದಾಗಿ ಸ್ಕ್ರಿಪ್ಟು ಬರೆಯಲು ಕಲಿಯುವವರು ಹೇಳುವ ಮೊದಲ ಸುಳ್ಳು ಯಾವುದು ಗೊತ್ತೇ? "ನಾನೇನೂ ಬದಲಾಯಿಸಿಲ್ಲ. ನಿನ್ನೆ ಸರಿ ಇತ್ತು, ಇವತ್ತು ತಾನಾಗಿಯೇ ಕೆಟ್ಟಿದೆ." ಹಾಗೆ ಹೇಳುವವರ ಮುಖದಲ್ಲಿ ಕಳ್ಳತನ ಇರುವುದಿಲ್ಲ. ಅವರು ಅದನ್ನು ನಿಜವೆಂದೇ ನಂಬಿರುತ್ತಾರೆ. ಬದಲಾಯಿಸಿದ್ದು ಒಂದಿಷ್ಟೇ ಇಷ್ಟು, ಅದೂ ಒಳ್ಳೆಯದಕ್ಕೇ. ಅದನ್ನೂ ಯಾರಾದರೂ ಬದಲಾವಣೆ ಅನ್ನುತ್ತಾರೆಯೇ? ನಮ್ಮ ಬ್ಯಾಡಗಿಯ ನಿಸಾ ಟೀಚರ್ ಈ ಮಾತು ಕೇಳಿ ಕೇಳಿ ಬೇಸತ್ತು, ತರಗತಿಯ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು: ‘ಏನು ಬದಲಾಯಿಸಿದಿರಿ? ನೆನಪು ಮಾಡಿಕೊಂಡು ಒಳಗೆ ಬನ್ನಿ.’

ಮೆಣಸಿನಕಾಯಿ ವ್ಯಾಪಾರದ ಊರಿಗೆ ಸ್ಕ್ರಿಪ್ಟಿನ ಗೊಡವೆ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಬೇಕು. ಒಂದು ಬೇಸಿಗೆಯಲ್ಲಿ ನಮ್ಮ ಸೀಮೆಗೆ ಜ್ವರ ಬಂತು. ಡಾಕ್ಟರುಗಳು ಅದಕ್ಕೆ ಬಾಯಿ ತಿರುಗದ ಹೆಸರಿಟ್ಟರು, ಜನ ಕೂತಜ್ವರ ಅಂದರು. ಜ್ವರ ವಾರದಲ್ಲಿ ಇಳಿಯುತ್ತಿತ್ತು. ಆದರೆ ಇಳಿದ ಮೇಲೆ ಕೆಲವರು ಕೂತಲ್ಲೇ ಕೂತುಬಿಡುತ್ತಿದ್ದರು. ಕೈಕಾಲು ಗಟ್ಟಿ ಇತ್ತು, ನೆನಪು ಇತ್ತು, ನೋವು ಹಸಿವು ಎಲ್ಲ ತಿಳಿಯುತ್ತಿತ್ತು. ತಾವಾಗಿ ಏನನ್ನೂ ಶುರು ಮಾಡುವುದು ಮಾತ್ರ ಆಗುತ್ತಿರಲಿಲ್ಲ. ಹಣೆಯ ಹಿಂದೆ ಮಿದುಳಿನಲ್ಲಿ ‘ಇನ್ನು ಹೊರಡು’ ಎಂದು ಹೇಳುವ ಒಂದು ಕಿಡಿ ಇದೆಯಂತೆ, ಅದು ಆರಿಹೋಗಿತ್ತು. ನೀರಡಿಸಿದ ಮನುಷ್ಯ ಕೊಡದ ಪಕ್ಕದಲ್ಲೇ ಕೂತು ಕೊಡವನ್ನೇ ನೋಡುತ್ತಿದ್ದ. "ನೀರು ಬೇಕಾ?" ಎಂದು ಕೇಳಿದರೆ ಮಾತ್ರ "ಬೇಕು" ಅನ್ನುತ್ತಿದ್ದ. ಇನ್ನೊಬ್ಬರ ಪ್ರಶ್ನೆಯೇ ಆ ಕಿಡಿಯ ಕೆಲಸ ಮಾಡುತ್ತಿತ್ತು. ಕೇಳದಿದ್ದರೆ ಅವರ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಇವರಿಗಾಗಿ ಬಂದದ್ದು ಗುಬ್ಬಿ. ಅದೊಂದು ಬಿಲ್ಲೆ, ಹುಣಸೆ ಬೀಜದಷ್ಟು. ಕಿವಿಯ ಹಿಂದೆ ಚರ್ಮಕ್ಕೆ ಅಂಟಿಸಿದರೆ ಒಳಗೆ ಸಣ್ಣಗೆ ಕುಟುಕುತ್ತದೆ, ಚಿಂವ್ ಎಂದು ಸಣ್ಣ ಸದ್ದೂ ಮಾಡುತ್ತದೆ, ಅದಕ್ಕೇ ಆ ಹೆಸರು. ಒಂದು ಕುಟುಕಿಗೆ ಒಂದು ಕೆಲಸ. ಎದ್ದೇಳು ಅಂದರೆ ಏಳುತ್ತಾರೆ, ಅಷ್ಟೇ. ಮುಂದಿನ ಹೆಜ್ಜೆಗೆ ಮತ್ತೊಂದು ಕುಟುಕು ಬೇಕು. ಯಾವುದರ ನಂತರ ಯಾವುದು, ಎಲ್ಲಿಯವರೆಗೆ, ಯಾರಿಗಾಗಿ ಕಾಯಬೇಕು ಅನ್ನುವುದನ್ನೆಲ್ಲ ಟ್ಯಾಬಿನಲ್ಲಿ ಸಾಲು ಸಾಲಾಗಿ ಬರೆದು ಗುಬ್ಬಿಗೆ ತುಂಬಬೇಕು. ಅದೇ ಸ್ಕ್ರಿಪ್ಟು.

ಗುಬ್ಬಿಯ ಜೊತೆ ಸಿದ್ಧ ಸ್ಕ್ರಿಪ್ಟುಗಳೂ ಬಂದಿದ್ದವು. ಅವನ್ನು ಬರೆದವರು ಯಾವ ದೇಶದವರೋ. ಬೆಳಿಗ್ಗೆ ಎದ್ದ ರೋಗಿ ಬ್ರಶ್ಶು ಹಿಡಿದು ಇಲ್ಲದ ಬೇಸಿನ್ನನ್ನು ಹುಡುಕಿಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲುತ್ತಿದ್ದ. ಇಲ್ಲದ ಕುರ್ಚಿಯ ಮೇಲೆ ಕೂರಲು ಹೋಗಿ ಇಬ್ಬರು ಸೊಂಟ ಮುರಿದುಕೊಂಡರು. ಆಮೇಲೆ ಸರ್ಕಾರಕ್ಕೆ ಬುದ್ಧಿ ಬಂತು. ಮನೆಯ ರೀತಿ ಮನೆಯವರಿಗೇ ಗೊತ್ತು, ಅವರೇ ಬರೆಯಲಿ ಎಂದು ಕನ್ನಡದಲ್ಲೇ ಬರೆಯುವ ವ್ಯವಸ್ಥೆ ಮಾಡಿ, ಊರಿನ ಹಳೆಯ ಕೋಲ್ಡ್ ಸ್ಟೋರೇಜೊಂದರಲ್ಲಿ ಕೇಂದ್ರ ತೆರೆದರು. ಒಂದು ಕೋಣೆ ತರಗತಿಗೆ, ಪಕ್ಕದ್ದು ನಿಗಾ ಕೋಣೆ. ಗೋಡೆಗೆ ಹತ್ತಿದ್ದ ಮೆಣಸಿನಕಾಯಿಯ ಘಾಟು ಎಷ್ಟು ಸಲ ಸುಣ್ಣ ಬಳಿದರೂ ಹೋಗಲಿಲ್ಲ. ಹೊಸಬರು ಪಾಠದ ನಡುವೆ ಸೀನುತ್ತಿದ್ದರು, ಹಳಬರು ನಗುತ್ತಿದ್ದರು.

ನಗುವುದಕ್ಕೆ ಬೇರೆ ಕಾರಣಗಳೂ ಇದ್ದವು. ರಿಟೈರಾದ ಹೆಡ್‌ಮಾಸ್ತರು ವಿರೂಪಾಕ್ಷಯ್ಯನವರು ತಮ್ಮನ ಸ್ನಾನಕ್ಕೆ ಅಚ್ಚುಕಟ್ಟಾಗಿ ಬರೆದಿದ್ದರು, ಬಟ್ಟೆ ಕಳಚುವ ಸಾಲನ್ನು ಮಾತ್ರ ಬಿಟ್ಟಿದ್ದರು. ತಮ್ಮ ಅಂಗಿ ಧೋತರ ಸಮೇತ ಮಿಂದು ಬಂದ. ಸಾವಂತ್ರವ್ವ ಅತ್ತೆಗೆ ‘ತುಳಸಿಕಟ್ಟೆ ಸುತ್ತು’ ಎಂದು ಬರೆದು, ಎಲ್ಲಿಯವರೆಗೆ ಎಂದು ಬರೆಯಲಿಲ್ಲ. ಸಂತೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಇನ್ನೂ ಸುತ್ತುತ್ತಲೇ ಇದ್ದಳು. "ನಿಲ್ಲೂದು ಹೇಳ್ರಿ, ನಿಲ್ಲೂದು ಹೇಳ್ರಿ," ಎಂದು ನಿಸಾ ಟೀಚರ್ ಮೇಜು ಬಡಿಯುತ್ತಿದ್ದರು. "ಅವ್ರಿಗೆ ತಲಿ ಐತಿ, ಗುಬ್ಬಿಗಿಲ್ಲ. ನೀವು ಬರದಿದ್ದಷ್ಟ ಅದಕ್ಕ ಗೊತ್ತು."

ಇಂಥ ತರಗತಿಗೆ ಗುಡದಪ್ಪ ಬಂದ. ಮಾರುಕಟ್ಟೆಯಲ್ಲಿ ಕಾಯಿ ನೋಡುವುದು ಅವನ ಕಸುಬು. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಎತ್ತಿ, ಸುಕ್ಕು ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕಡ್ಡಿ ತಳಿಯೋ ಡಬ್ಬಿ ತಳಿಯೋ, ಎಷ್ಟು ಒಣಗಿದೆ, ಬಣ್ಣ ಎಷ್ಟು ದಿನ ನಿಲ್ಲುತ್ತದೆ ಎಂದು ಹೇಳುತ್ತಿದ್ದ. ಎರಡು ಕಡೆಯ ದಲಾಲರೂ ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಅವನ ಹೆಂಡತಿ ಹೊನ್ನವ್ವ ಜ್ವರದ ಮೊದಲ ಅಲೆಯಲ್ಲೇ ಕೂತವಳು. ಮನೆಯಲ್ಲಿ ಇನ್ನಿಬ್ಬರು: ಅವನ ತಂದೆ ಬೀರಪ್ಪ, ವಯಸ್ಸಾಗಿ ಕಟ್ಟೆ ಹಿಡಿದವನು, ಮಗ ಮಾಲತೇಶ, ಕಾಯಿ ಚೀಲದ ಟೆಂಪೊ ಓಡಿಸುವವನು, ಹೊತ್ತಲ್ಲದ ಹೊತ್ತಿಗೆ ಬಂದು ಹೋಗುವವನು. ಮೂವರು ಗಂಡಸರ ಮನೆ. ಒಲೆಯ ಮುಂದೆ ಕೂತವಳು ಒಬ್ಬಳೇ.

ಡಾಕ್ಟರು ಗುಡದಪ್ಪನಿಗೆ ಒಂದು ಆಸೆ ಹಚ್ಚಿದ್ದರು. ಅವಳು ದಿನವೂ ತನ್ನ ಹಳೆಯ ಕೆಲಸಗಳನ್ನೇ ಮಾಡುತ್ತಿದ್ದರೆ, ಗುಬ್ಬಿ ಕುಟುಕಿದ ಜಾಡಿನಲ್ಲಿ ಮಿದುಳು ತಾನೇ ಒಂದು ಕಾಲುದಾರಿ ಮಾಡಿಕೊಳ್ಳಬಹುದು. ಯಾರೂ ಕೇಳದೆ, ಗುಬ್ಬಿ ಕುಟುಕದೆ, ಒಂದೇ ಒಂದು ಮಾತು ತಾನಾಗಿ ಆಡಿದಳೆಂದರೆ ಆ ದಾರಿ ತೆರೆಯಿತೆಂದೇ ಲೆಕ್ಕ. ಮುಂದೆ ಗುಬ್ಬಿಯೇ ಬೇಡವಾದೀತು. ಕೆಲಸವಿಲ್ಲದೆ ಸುಮ್ಮನೆ ಕೂರಿಸಿದರೆ ಮಾತ್ರ ಮಲಗಿದಲ್ಲೇ ಆಗುತ್ತಾಳೆ. ಗುಡದಪ್ಪನಿಗೆ ಬೇಕಾಗಿದ್ದು ಆ ಒಂದು ಮಾತು. ಬೈಗುಳವಾದರೂ ಸರಿ, ಅವಳಾಗಿ ಬೈಯಬೇಕು.

ಅವನ ಮೊದಲ ಸ್ಕ್ರಿಪ್ಟು ಮೂರು ಸಾಲಿನದು. ಹಿಟ್ಟು ತಗೋ. ರೊಟ್ಟಿ ಬಡಿ. ಬೇಯಿಸು.

"ಗುಡದಪ್ಪ, ನಿಮ್ಮ ಮನಿಯೊಳಗ ಹಿಟ್ಟಿಗೆ ನೀರು ಹಾಕೂದಿಲ್ಲೇನ್ರಿ?" ಎಂದರು ನಿಸಾ ಟೀಚರ್.

"ಹಾಕ್ತಿರಬೇಕ್ರಿ."

"ಬಿಸೀನೋ ತಣ್ಣಂದೋ?"

ಗುಡದಪ್ಪ ಪಕ್ಕದ ಹೆಂಗಸರ ಕಡೆ ನೋಡಿದ.

"ಮೂವತ್ತು ವರ್ಷದಿಂದ ಉಣ್ಣಾಕತ್ತೀರಿ."

"ಉಂಡೇನ್ರಿ. ನೋಡಿಲ್ಲ."

ತರಗತಿಯೆಲ್ಲ ಗೊಳ್ಳೆಂದಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಕ್ಕ ಗಂಡಸರಲ್ಲಿ ಯಾರಿಗೂ ಬಿಸಿಯೋ ತಣ್ಣನೆಯದೋ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಅಂದು ಮನೆಗೆ ಹೋದ ಗುಡದಪ್ಪ ಕಟ್ಟೆಯ ಮೇಲೆ ಕೂರಲಿಲ್ಲ. ಅಡಿಗೆ ಮನೆಗೆ ಹೋಗಿ ಹೊನ್ನವ್ವನ ಎದುರು ಕೂತ. ಮೂರು ಸಾಲಿನ ಸ್ಕ್ರಿಪ್ಟು ಓಡಿಸಿದ. ಗುಬ್ಬಿ ಕುಟುಕಿತು, ಅವಳು ಒಣ ಹಿಟ್ಟನ್ನು ತೆಗೆದುಕೊಂಡು ಬಡಿಯತೊಡಗಿದಳು. ಹಿಟ್ಟು ಎದ್ದು ಇಬ್ಬರ ತಲೆಯೂ ಬೆಳ್ಳಗಾಯಿತು. ಅವನಿಗೆ ನಗು ಬಂತು, ಆಮೇಲೆ ಅಳು ಬಂತು.

"ನೀರು ಯಾವಾಗ ಹಾಕ್ತಿ?" ಎಂದು ಕೇಳಿದ.

"ಮೊದಲ," ಎಂದಳು ಹೊನ್ನವ್ವ.

"ಬಿಸೀನ?"

"ಹೂಂ. ಕುದೀಬೇಕು."

"ಆಮ್ಯಾಲೆ?"

"ನಾದಬೇಕು."

"ಎಷ್ಟೊತ್ತು?"

"ಕೈಗೆ ತಿಳೀತೈತಿ."

ಗುಬ್ಬಿಗೆ ಕೈ ಇರಲಿಲ್ಲವಲ್ಲ, ‘ಕೈಗೆ ತಿಳಿಯುವವರೆಗೆ’ ಎಂದು ಬರೆಯುವುದು ಹೇಗೆ? ಆ ಒಂದು ಸಾಲಿಗೆ ಗುಡದಪ್ಪ ನಿಸಾ ಟೀಚರ್ ಬಳಿಗೆ ಹಲವು ಸಲ ಅಲೆದ. ಕೊನೆಗೆ ಅವರೇ ಉಪಾಯ ಹೇಳಿದರು: ನಾದುವಾಗ ಅಂಗೈ ಎಷ್ಟು ಒತ್ತುತ್ತದೆ ಎಂದು ಗುಬ್ಬಿ ತಿಳಿಯಬಲ್ಲದು, ಒತ್ತುವುದು ಹಗುರವಾದಾಗ ನಿಲ್ಲಿಸು ಎಂದು ಬರೆಯಿರಿ. ಬರೆದ. ನಿಂತಿತು. ರೊಟ್ಟಿ ಅರಳಿತು. ಆ ಮಧ್ಯಾಹ್ನ ಮಾರುಕಟ್ಟೆಗೆ ರೊಟ್ಟಿ ಒಯ್ದು, "ನಮ್ಮಾಕಿ ಮಾಡ್ಯಾಳ, ನಾ ಬರದೇನಿ," ಎಂದು ಹಮಾಲರಿಗೆಲ್ಲ ಮುರಿದು ಕೊಟ್ಟ.

ಆ ದಿನಗಳು ಗುಡದಪ್ಪನ ಬಾಳಿನಲ್ಲಿ ಬಹುಶಃ ಎಲ್ಲಕ್ಕಿಂತ ಒಳ್ಳೆಯ ದಿನಗಳು. ಮದುವೆಯಾದಾಗಿನಿಂದ ಹೆಂಡತಿಯೊಡನೆ ಅಷ್ಟು ಮಾತಾಡಿರಲಿಲ್ಲ. ಪಲ್ಯಕ್ಕೆ ಒಗ್ಗರಣೆ ಮೊದಲೋ ಉಪ್ಪು ಮೊದಲೋ, ಕಸ ಒಳಗಿನಿಂದ ಹೊಡೆಯುವುದೋ ಹೊರಗಿನಿಂದಲೋ, ಬಟ್ಟೆ ಎಷ್ಟು ಹಿಂಡುವುದು, ಅಪ್ಪನ ಮಾತ್ರೆ ಎಲ್ಲಿಟ್ಟಿರುತ್ತಿ, ಎಲ್ಲವನ್ನೂ ಕೇಳಿದ. ಕೇಳಿದ್ದಕ್ಕೆಲ್ಲ ಉತ್ತರ ಬಂತು. ಒಂದೊಂದು ಉತ್ತರವೂ ಒಂದು ಸಾಲಾಯಿತು. ತಿಂಗಳು ಕಳೆಯುವಷ್ಟರಲ್ಲಿ ಹೊನ್ನವ್ವ ನಸುಕಿನಲ್ಲಿ ಎದ್ದು ಚಹಾ ಮಾಡಿ, ಎಲ್ಲರಿಗೂ ಕೊಟ್ಟು, ತಾನೂ ಒಂದು ಹಿಡಿ ಮಂಡಕ್ಕಿಯೊಡನೆ ಕುಡಿದು, ಮನೆಯ ಕೆಲಸವನ್ನೆಲ್ಲ ತೂಗಿಸುವಂತಾದಳು. ಓಣಿಯ ಜನ ಬಂದು ನೋಡಿಹೋದರು.

ಊಟದ ಸ್ಕ್ರಿಪ್ಟನ್ನು ಮಾತ್ರ ಅವನು ಯಾರನ್ನೂ ಕೇಳದೆ ಬರೆದ. ಇದರಲ್ಲಿ ಕೇಳುವುದೇನಿದೆ? ಉಣ್ಣಲು ಕೂರುತ್ತಿದ್ದವನು ತಾನೇ ಅಲ್ಲವೇ. ಹೊತ್ತಾದಾಗ ತಟ್ಟೆ ಹಾಕು. ಮೊದಲು ಅಪ್ಪನಿಗೆ ಬಡಿಸು. ಆಮೇಲೆ ಗಂಡ, ಮಗ. ರೊಟ್ಟಿ ಮುಗಿದರೆ ಮತ್ತೆ ಹಾಕು. ಮನೆಯವರೆಲ್ಲ ಉಂಡ ಮೇಲೆ ನೀನು ಉಣ್ಣು. ನಮ್ಮ ಕಡೆ ಯಾವ ಮನೆಗೆ ಹೋದರೂ ಇದೇ ರೀತಿ, ಇದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ. ‘ಮನೆಯವರು ಯಾರು ಯಾರು?’ ಎಂದು ಗುಬ್ಬಿ ಕೇಳಿತು. ಬೀರಪ್ಪ, ಗುಡದಪ್ಪ, ಮಾಲತೇಶ ಎಂದು ಬರೆದ. ತಟ್ಟೆ ಎತ್ತಿದಂತೆಲ್ಲ ಯಾರು ಉಂಡರೆಂದು ಗುಬ್ಬಿ ಲೆಕ್ಕ ಇಡುತ್ತಿತ್ತು. ನಿಸಾ ಟೀಚರ್ ಅದನ್ನು ತರಗತಿಯಲ್ಲಿ ಓಡಿಸಿ ನೋಡಿ, ಸರಿಯಿದೆ ಅಂದರು. ಮನೆಯಲ್ಲೂ ಸರಿಯಾಗಿ ನಡೆಯಿತು. ಗಂಡಸರು ಉಂಡು ಎದ್ದರು, ಹೊನ್ನವ್ವ ಒಲೆಯ ಪಕ್ಕ ಕೂತು ಉಂಡಳು.

ನಾಗರ ಪಂಚಮಿ ಕಳೆದ ಮರುದಿನ ಮಧ್ಯಾಹ್ನ ಮಾರುಕಟ್ಟೆಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗುಡದಪ್ಪ ಚೀಲದ ಮೇಲೆ ಕೂತು, ಕೇಂದ್ರದವರು ಕೊಟ್ಟ ಟ್ಯಾಬು ತೆರೆದು ತಾನು ಬರೆದದ್ದನ್ನೆಲ್ಲ ಮತ್ತೆ ಓದಿದ. ಬರೆಯಲು ಕಲಿತವರಿಗೆ ತಮ್ಮ ಬರಹ ಓದುವ ಚಪಲ ಇದ್ದದ್ದೇ. ‘ಮನೆಯವರು’ ಎಂಬಲ್ಲಿಗೆ ಬಂದಾಗ ಅವನಿಗೆ ಕಸಿವಿಸಿಯಾಯಿತು. ಮೂರು ಹೆಸರು. ಮನೆಯನ್ನೆಲ್ಲ ತೂಗಿಸುವವಳ ಹೆಸರೇ ಮನೆಯವರಲ್ಲಿ ಇಲ್ಲ. ಇಷ್ಟು ದಿನ ಅವಳ ಕೆಲಸವನ್ನೆಲ್ಲ ಕೂತು ನೋಡಿದ ಮೇಲೆ ಇದು ದೊಡ್ಡ ಅನ್ಯಾಯವಾಗಿ ಕಂಡಿತು. ಮೂರು ಹೆಸರಿಗಿಂತ ಮೇಲೆ, ಮೊದಲನೆಯದಾಗಿ, ಹೊನ್ನವ್ವ ಎಂದು ಸೇರಿಸಿದ. ಕಾಗುಣಿತ ಸರಿಯಿತ್ತು, ಸಾಲು ಸರಿಯಿತ್ತು. ಟ್ಯಾಬು ಹಸಿರು ಗುರುತು ತೋರಿಸಿತು. ಹೆಂಡತಿಯ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದ ಸಮಾಧಾನದಲ್ಲಿ ಅವನು ಚಹಾ ತರಿಸಿಕೊಂಡು ಕುಡಿದ. ಆ ಒಂದು ಹೆಸರಿನಿಂದಲೇ ಮುಂದಿನದೆಲ್ಲ ಆದದ್ದು.

ನಿಗಾ ಕೋಣೆಯಲ್ಲಿ ಊರಿನ ಗುಬ್ಬಿಗಳೆಲ್ಲ ಪರದೆಯ ಮೇಲೆ ಚುಕ್ಕೆಗಳಾಗಿ ಕಾಣುತ್ತಿದ್ದವು. ಕೆಲಸ ನಡೆಯುತ್ತಿದ್ದರೆ ಹಸಿರು, ಕೆಟ್ಟು ನಿಂತರೆ ಕೆಂಪು, ಯಾವುದಕ್ಕಾದರೂ ಕಾಯುತ್ತಿದ್ದರೆ ನೀಲಿ. ಕೆಂಪು ಕಂಡರೆ ನಿಸಾ ಟೀಚರ್ ಕೂಡಲೇ ಫೋನು ಮಾಡುತ್ತಿದ್ದರು. ನೀಲಿಯನ್ನು ಯಾರೂ ಲಕ್ಷಿಸುತ್ತಿರಲಿಲ್ಲ. ಹಾಲು ಉಕ್ಕುವುದಕ್ಕೆ ಕಾಯುವವರು, ನಲ್ಲಿ ನೀರಿಗೆ ಕಾಯುವವರು, ಮಗನ ಬರವಿಗೆ ಕಾಯುವವರು. ಕಾಯುವುದು ತಪ್ಪು ಎಂದು ಹೇಳಲಾದೀತೇ? ಹೊತ್ತು ಇಳಿದರೆ ಪರದೆಯ ತುಂಬ ನೀಲಿಯೇ. ಅವುಗಳಲ್ಲಿ ಹೊನ್ನವ್ವನದೂ ಒಂದು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವಳ ಚುಕ್ಕೆ ಕೆಂಪಾಯಿತು. ರೊಟ್ಟಿ ಬಡಿಯುವಲ್ಲಿ. ಮರುದಿನ ಮತ್ತೆ ಅಲ್ಲೇ. ಗುಡದಪ್ಪ ಟ್ಯಾಬು ಎತ್ತಿಕೊಂಡು ಓಡಿ ಬಂದ.

"ಟೀಚರ್, ರೊಟ್ಟಿ ಸ್ಕ್ರಿಪ್ಟು ಕೆಟ್ಟೈತ್ರಿ. ಅರ್ಧಕ್ಕ ಕೈ ನಿಲ್ಲಿಸ್ತಾಳ."

"ಏನ್ ಬದಲಾಯಿಸಿದ್ರಿ?"

"ಏನಿಲ್ರಿ. ದೇವರಾಣಿ ಮಾಡ್ತೇನಿ."

ರೊಟ್ಟಿಯ ಮಟ್ಟಿಗೆ ಅದು ನಿಜವೇ. ನಿಸಾ ಟೀಚರ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ನೋಡಿದರು. ಹೊಸಬರ ಸ್ಕ್ರಿಪ್ಟು ಕೆಡುವ ದಾರಿಗಳೆಲ್ಲ ಅವರಿಗೆ ಬಾಯಿಪಾಠ: ಹೆಸರು ತಪ್ಪಿದೆಯೇ, ಸಾಲು ಅದಲುಬದಲಾಗಿದೆಯೇ, ನಿಲ್ಲಿಸುವ ಮಾತು ಇದೆಯೇ, ಹಳೆಯದರ ಮೇಲೆ ಹೊಸದು ಕೂತಿದೆಯೇ. ಏನೂ ಸಿಗಲಿಲ್ಲ. ಗುಬ್ಬಿ ಹೇಳಿದ ಕಾರಣ ಒಂದೇ: ‘ಕೈಯ ಒತ್ತು ಸಾಲದು.’ ಹಾಗಾದರೆ ಒತ್ತು ಕಡಿಮೆ ಸಾಕು ಎಂದು ತಿದ್ದಿದರು. ನಡುನಡುವೆ ಸುಧಾರಿಸಿಕೊಳ್ಳಲು ಒಂದು ಸಾಲು ಸೇರಿಸಿದರು. ವಾರ ಕಳೆಯುವಷ್ಟರಲ್ಲಿ ನೀರಿನ ಕೊಡ ಎತ್ತುವಲ್ಲಿ ಕೆಂಪು ಬಂತು. ಅದನ್ನೂ ತಿದ್ದಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಸರಿಯಿದ್ದ ಸ್ಕ್ರಿಪ್ಟುಗಳನ್ನೆಲ್ಲ ಇಬ್ಬರೂ ಕೂತು ತಿದ್ದುತ್ತಿದ್ದರು. ಊಟದ ಸ್ಕ್ರಿಪ್ಟಿನಲ್ಲಿ ಒಂದು ದಿನವೂ ಕೆಂಪು ಬರಲಿಲ್ಲ, ಆದ್ದರಿಂದ ಅದನ್ನು ಯಾರೂ ತೆರೆಯಲೂ ಇಲ್ಲ.

ಹೊನ್ನವ್ವ ಬಡಕಲಾಗುತ್ತಿರುವುದು ಗುಡದಪ್ಪನಿಗೆ ಕಾಣದೆ ಇರಲಿಲ್ಲ. ಕೂತಜ್ವರದವರು ಬರುಬರುತ್ತಾ ಸವೆಯುತ್ತಾರೆ ಎಂದು ಊರೆಲ್ಲ ಆಡುತ್ತಿತ್ತು. ಅವನೂ ಅದನ್ನೇ ನಂಬಿ ಹೆದರಿದ್ದ. ಅವಳು ಹಾಸಿಗೆ ಹಿಡಿಯುವ ಮೊದಲು ಆ ಒಂದು ಮಾತು ಹೊರಡಬೇಕೆಂದು ಮೊದಲಿಗಿಂತ ಹೆಚ್ಚು ಕೆಲಸ ಬರೆದ. ಹೂ ಕಟ್ಟುವುದು ಬರೆದ, ಶಾವಿಗೆ ಹೊಸೆಯುವುದು ಬರೆದ. ಅವಳು ಎಲ್ಲವನ್ನೂ ಮಾಡಿದಳು. ಮಾಡುವಾಗ ಆಗಾಗ ಅವನ ಮುಖವನ್ನೇ ನೋಡುತ್ತಿದ್ದಳು. ಮಾತು ಹೊರಡುವ ಸೂಚನೆ ಇರಬೇಕು ಎಂದು ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದ.

ಕೊಡದ ಸ್ಕ್ರಿಪ್ಟು ಮೂರನೆಯ ಸಲ ಕೆಟ್ಟಾಗ ನಿಸಾ ಟೀಚರ್ ತಾವೇ ಮನೆಗೆ ಬಂದರು. ಊಟದ ಹೊತ್ತು ಮುಗಿದಿತ್ತು. ಬೀರಪ್ಪ ಕಟ್ಟೆಯ ಮೇಲೆ ಮಲಗಿದ್ದ, ಮಾಲತೇಶ ಉಂಡು ಹೊರಗೆ ಟೆಂಪೊ ಒರೆಸುತ್ತಿದ್ದ, ಗುಡದಪ್ಪ ಕೈ ತೊಳೆದು ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಟೀಚರನ್ನು ಕಂಡು ಎದ್ದು ಒಳಗೆ ಕರೆದ. ಹೊನ್ನವ್ವ ಅಡಿಗೆ ಮನೆಯಲ್ಲಿ ಗೋಡೆಗೆ ಒರಗಿ, ಮುಚ್ಚಿದ ರೊಟ್ಟಿ ಬುಟ್ಟಿಯ ಮುಂದೆ ಕೂತಿದ್ದಳು.

"ಊಟಾತೇನ್ರಿ, ಹೊನ್ನವ್ವ?" ಎಂದರು ನಿಸಾ ಟೀಚರ್. ಯಾರ ಮನೆಗೆ ಹೋದರೂ ಹೊಸ್ತಿಲು ದಾಟುವಾಗ ಆಡುವ ಮಾತು ಅದು. ಉತ್ತರಕ್ಕಾಗಿ ಯಾರೂ ಕೇಳುವುದಿಲ್ಲ.

"ಇಲ್ಲ," ಎಂದಳು ಹೊನ್ನವ್ವ.

"ಹೊತ್ತಾತಲ್ರಿ, ಇನ್ನೂ ಯಾಕ? ರಾತ್ರಿ ಸರಿಯಾಗಿ ಉಂಡೀರಿಲ್ಲೋ?"

"ಇಲ್ಲ."

ಚೀಲ ಕೆಳಗಿಡುತ್ತಿದ್ದ ಟೀಚರ್ ಹಾಗೇ ನಿಂತರು. "ನಿನ್ನೆ ಮಧ್ಯಾಹ್ನ?"

"ಇಲ್ಲ."

"ಮೊನ್ನೆ?"

"ಇಲ್ಲ."

"ಯಾವಾಗಿಂದ ಉಂಡಿಲ್ಲವ್ವ?"

"ಪಂಚಮಿ ಕಳದ ಮ್ಯಾಲಿಂದ," ಎಂದಳು.

ಗುಡದಪ್ಪನ ಬಾಯಲ್ಲಿ ಎಲೆ ಅಡಿಕೆ ಹಾಗೇ ಉಳಿಯಿತು. "ಸುಳ್ಳ್ರಿ ಟೀಚರ್. ಅಕೀಗೆ ನೆನಪಿರಂಗಿಲ್ಲ. ದಿನಾ ಬುಟ್ಟಿ ಖಾಲಿ ಆಗತೈತಿ, ಪಾತ್ರೆ ತಿಕ್ಕಿ ಡಬ್ಬು ಹಾಕಿರತಾವ..."

ಅಷ್ಟರಲ್ಲಿ ಹೊನ್ನವ್ವನ ಕಿವಿಯ ಹಿಂದೆ ಚಿಂವ್ ಎಂದಿತು. ಪಾತ್ರೆ ತಿಕ್ಕುವುದು ಬೇರೆಯೇ ಸ್ಕ್ರಿಪ್ಟು, ಗುಡದಪ್ಪ ಅದನ್ನು ಗಡಿಯಾರಕ್ಕೆ ಕಟ್ಟಿದ್ದ. ಉಳಿದದ್ದನ್ನು ಮುಸುರಿಗೆ ಸುರಿಯುವುದು ಅದರ ಮೊದಲ ಸಾಲು. ಹೊನ್ನವ್ವ ಗೋಡೆ ಹಿಡಿದು ಎದ್ದಳು. ಬುಟ್ಟಿಯಲ್ಲಿದ್ದ ತನ್ನ ಪಾಲಿನ ರೊಟ್ಟಿ, ಪಲ್ಯ, ಬಟ್ಟಲಿನ ಅನ್ನ ಎಲ್ಲವನ್ನೂ ಹಿತ್ತಿಲಿಗೆ ಒಯ್ದು, ನೆರೆಮನೆಯ ಎಮ್ಮೆಗಾಗಿ ಇಟ್ಟಿದ್ದ ಮುಸುರಿ ಬಾನಿಗೆ ಸುರಿದಳು. ಆಮೇಲೆ ಕೂತು ಪಾತ್ರೆ ತಿಕ್ಕತೊಡಗಿದಳು. ಅವಳ ಕಣ್ಣು ಬಾನಿಯ ಮೇಲೇ ಇತ್ತು. ಗುಡದಪ್ಪ ಅದನ್ನು ನೋಡಿದ, ನಿಸಾ ಟೀಚರ್ ನೋಡಿ ಮುಖ ತಿರುಗಿಸಿಕೊಂಡರು.

ಟೀಚರ್ ಟ್ಯಾಬಿನಲ್ಲಿ ಊಟದ ಸ್ಕ್ರಿಪ್ಟು ತೆರೆದರು. ಅಲ್ಲಿ ಕೆಂಪಿಲ್ಲ, ತಪ್ಪಿಲ್ಲ. ಒಂದು ನೀಲಿ ಸಾಲು ಮಾತ್ರ ಇತ್ತು: ‘ಮನೆಯವರೆಲ್ಲ ಉಣ್ಣುವುದಕ್ಕೆ ಕಾಯುತ್ತಿದೆ. ಇನ್ನೂ ಉಣ್ಣಬೇಕಾದವರು: ಹೊನ್ನವ್ವ.’

ಹೊನ್ನವ್ವ ಉಂಡ ಮೇಲೆ ಹೊನ್ನವ್ವ ಉಣ್ಣಬೇಕು. ಗುಬ್ಬಿ ಅವಳ ಊಟಕ್ಕಾಗಿ ಅವಳನ್ನೇ ಕಾಯಿಸಿತ್ತು. ಬೆಳಗಿನ ಚಹಾ ಮಂಡಕ್ಕಿಯ ಮೇಲೆ ಅವಳು ಇಷ್ಟು ದಿನ ಮನೆಮಂದಿಗೆಲ್ಲ ರೊಟ್ಟಿ ಬಡಿದಿದ್ದಳು.

"ನಾ ಏನೂ ಬದಲಾ..." ಎಂದು ಶುರು ಮಾಡಿದ ಗುಡದಪ್ಪ ಅಲ್ಲಿಗೇ ನಿಲ್ಲಿಸಿದ. ಒಂದು ವರ್ಷದಲ್ಲಿ ಅವನೂ ಸ್ಕ್ರಿಪ್ಟು ಓದಲು ಕಲಿತಿದ್ದ. ಟೀಚರ್ ಬಿಡಿಸಿ ಹೇಳಬೇಕಾಗಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ: "ಮನಿಯಾಕಿ ಅಲ್ರೀ ಅಕಿ? ಮನಿಯವರೊಳಗ ಅಕಿ ಹೆಸರು ಬರೀಬಾರದಿತ್ತೇನ್ರಿ?"

"ಬರದದ್ದು ತಪ್ಪಲ್ರಿ," ಎಂದರು ನಿಸಾ ಟೀಚರ್.

"ತಪ್ಪಲ್ಲಂದ್ರ ಅಕಿ ಯಾಕ ಉಂಡಿಲ್ಲ?"

ನಿಸಾ ಟೀಚರ್ ಅವನ ಮುಖ ನೋಡಿದರು. ಅಡಿಗೆಯ ಬಗ್ಗೆ ನೂರೆಂಟು ಕೇಳಿದ್ದಾನೆ ಈ ಮನುಷ್ಯ. ಮಾರುಕಟ್ಟೆಯಲ್ಲಿ ಕಂಡಕಂಡವರಿಗೆಲ್ಲ "ಊಟಾತೇನೋ" ಅನ್ನುತ್ತಾನೆ. ಮನೆಯಲ್ಲಿ ಆ ಮಾತನ್ನು ಅವಳಿಗೆ ಒಮ್ಮೆ ಅಂದಿದ್ದರೆ ಸಾಕಿತ್ತು, ಅವಳು ಇಲ್ಲ ಅನ್ನುತ್ತಿದ್ದಳು. ಆದರೆ ಹೆಂಡತಿಗೆ ಊಟವಾಯಿತೇ ಎಂದು ಕೇಳುವ ರೂಢಿ ಯಾವ ಮನೆಯಲ್ಲಿದೆ? ನಿಸಾ ಟೀಚರ್ ತಮ್ಮ ಮನೆಯನ್ನೇ ನೆನೆದರು.

ಅವತ್ತೇ ಹೊನ್ನವ್ವನನ್ನು ಟೆಂಪೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಡಾಕ್ಟರು ನೋಡಿದರು. ಬಹಳ ದಿನ ಹಸಿದ ಮೈಗೆ ಅನ್ನವೂ ಒಮ್ಮೆಲೇ ಭಾರವಾಗುತ್ತದೆ, ಗುಂಡಿಗೆ ತೀರ ಸೋತಿದೆ, ನಾಳೆ ಚಮಚದ ಲೆಕ್ಕದಲ್ಲಿ ಗಂಜಿ ಕೊಟ್ಟು ನೋಡೋಣ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಗುಬ್ಬಿಯನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿ ಮಾಲತೇಶನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತುಬಿಟ್ಟ. ಒಳಗೆ ಬರಲು ಅವನಿಗೆ ಧೈರ್ಯವಾಗಲಿಲ್ಲ.

ಮರುದಿನ ಮಧ್ಯಾಹ್ನ ನರ್ಸು ಗಂಜಿಯ ಬಟ್ಟಲು ತಂದು ಗುಡದಪ್ಪನ ಕೈಗೆ ಕೊಟ್ಟಳು. ಯಾರಿಗಾದರೂ ಉಣಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಚಮಚ ತುಂಬಿ, ಊದಿ, ಅವಳ ತುಟಿಯ ಬಳಿ ಹಿಡಿದ. ಹೊನ್ನವ್ವ ಬಾಯಿ ತೆರೆಯಲಿಲ್ಲ. ಕಣ್ಣು ಎತ್ತಿ ಅವನ ಮುಖ ನೋಡಿದಳು. ತುಟಿ ಅಲುಗಿತು.

"ನಿಮ್ದು ಊಟಾತಾ?" ಎಂದಳು.

ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಗುಬ್ಬಿ ಇರಲಿಲ್ಲ. ಗುಡದಪ್ಪ ಚಮಚ ಹಿಡಿದ ಕೈ ಹಾಗೇ ಇಟ್ಟುಕೊಂಡು, ಮಂಚದ ಕಾಲುದೆಸೆಯಲ್ಲಿ ನಿಂತಿದ್ದ ನಿಸಾ ಟೀಚರ್ ಕಡೆ ತಿರುಗಿದ. ಅವನ ಮುಖ ಮಗುವಿನ ಮುಖದಂತೆ ಅರಳಿತ್ತು. "ಕೇಳಿದ್ರೇನ್ರಿ ಟೀಚರ್? ನಾ ಕೇಳಿಲ್ರಿ, ನೀವೂ ಕೇಳಿಲ್ಲ. ಅಕೀನ... ಅಕಿಯಾಗೇ..." ಎಂದ. ಅಷ್ಟು ಹೇಳಿದ ಮೇಲೆ, ಅವಳು ಏನು ಕೇಳಿದಳು ಅನ್ನುವುದು ಅವನಿಗೆ ತಟ್ಟಿತು.

"ಆತು," ಎಂದ ಹೇಗೋ.

ಹಿಂದಿನ ದಿನದಿಂದ ಅವನ ಹೊಟ್ಟೆಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಮೂವತ್ತು ವರ್ಷ ಅವನಿಗೆ ಬಡಿಸಿದವಳು ಮುಖ ನೋಡಿಯೇ ಅದನ್ನು ತಿಳಿದಳು. ತುಟಿ ಬಿಗಿದುಕೊಂಡು ಹಾಗೇ ನೋಡುತ್ತಾ ಇದ್ದಳು.

"ನೀವು ಮೊದಲು ತಗೋರಿ, ಗುಡದಪ್ಪ," ಎಂದರು ನಿಸಾ ಟೀಚರ್ ಮೆಲ್ಲಗೆ. "ಇಲ್ಲಂದ್ರ ಅವ್ರು ಉಣ್ಣಂಗಿಲ್ಲ."

ಗುಡದಪ್ಪ ಆ ಚಮಚವನ್ನು ತನ್ನ ಬಾಯಿಗೆ ಇಟ್ಟುಕೊಂಡ. ನುಂಗಿದ. ಕಣ್ಣೀರು ಗಡ್ಡದಲ್ಲಿ ಇಳಿಯುತ್ತಿತ್ತು. ಹೊನ್ನವ್ವ ಅವನ ಗಂಟಲು ಅಲುಗುವುದನ್ನು ನೋಡಿದಳು. "ಈಗಾತು ನೋಡು," ಎಂದು ಅವನು ಅಂದ ಮೇಲೆ ಬಾಯಿ ತೆರೆದಳು. ಒಂದು ಚಮಚ ಇಳಿಯಿತು. ಇನ್ನೊಂದನ್ನು ಅವನು ಉಂಡ, ಮತ್ತೊಂದನ್ನು ಅವಳು ಉಂಡಳು. ಮುಂದಿನದು ತುಟಿಯ ಅಂಚಿನಿಂದ ಹೊರಗೆ ಬಂತು. ಅವನು ತನ್ನ ಪಂಚೆಯ ತುದಿಯಿಂದ ಅದನ್ನು ಒರೆಸಿದ, ಇನ್ನೊಂದು ಚಮಚ ತುಂಬಿದ, ಹೆಸರು ಹಿಡಿದು ಕರೆದ. ನಿಸಾ ಟೀಚರ್ ಓಡಿಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ನಾಡಿ ಹಿಡಿದು ನೋಡಿ, ತಲೆಯಾಡಿಸಿ, ಹೊದಿಕೆಯನ್ನು ಅವಳ ಮುಖದ ಮೇಲೆ ಎಳೆದರು.

ಮಾಲತೇಶ ಒಳಗೆ ಬಂದು ತಾಯಿಯ ಕಾಲ ಮೇಲೆ ಬಿದ್ದು ಅತ್ತ. ನರ್ಸು ಬಂದು ಮಂಚದ ಸುತ್ತ ಪರದೆ ಎಳೆದಳು, ಎಲ್ಲರೂ ಸ್ವಲ್ಪ ಆಚೆ ನಿಲ್ಲಿರಿ ಎಂದಳು. ಗುಡದಪ್ಪ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದು ವರಾಂಡದಲ್ಲಿ ನಿಂತ. ಬಟ್ಟಲಿನಲ್ಲಿ ಗಂಜಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಉಳಿದದ್ದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.